ಮೇರಿ ಆ್ಯನಿಂಗ್‌ಗೆ ಅದು ಸಿಕ್ಕಿದ್ದು ಹೇಗೆ?

ಪ್ರಶ್ನೆ: ಐದನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಒಂದು ನಾಲಿಗೆ ತೊಡರುವ ಇಂಗ್ಲಿಷ್ ಪದ್ಯ ಕಲಿತು ಬಂದಿದ್ದಾಳೆ. ಕಡಲ ದಂಡೆಯಲ್ಲಿ ಚಿಪ್ಪು ಮಾರುವ ಹೆಂಗಸಿನ ಪದ್ಯ. ಅದು ಮೇರಿ ಆ್ಯನಿಂಗ್ ಎಂಬ ಬಡ ಹುಡುಗಿಯ ಕಥೆಯಂತೆ, ಹನ್ನೆರಡನೇ ವಯಸ್ಸಿಗೆ ಅವಳಿಗೆ ಡೈನೋಸಾರ್ ಸಿಕ್ಕಿತ್ತಂತೆ, ಟೀಚರ್ ಹೇಳಿದರಂತೆ. ಇದು ನಿಜವೇ? ಬರೀ ಅದೃಷ್ಟವೇ? ನಾವಿರುವುದೂ ಕಡಲ ಪಕ್ಕ. ನಮ್ಮ ದಂಡೆಯಲ್ಲಿ ಹುಡುಕಿದರೆ ಅಂಥದ್ದು ಸಿಗುತ್ತದೆಯೇ ಎಂದು ಮಗಳು ದಿನಾ ಕೇಳುತ್ತಾಳೆ.
— ಓದುಗರು, ಹೊನ್ನಾವರ

ಉತ್ತರ: ಮಗಳ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಟೀಚರ್ ಹೇಳಿದ್ದನ್ನು ಬಿಡಿಸಿಬಿಡೋಣ. ಆ ಪದ್ಯ ಮನೆಮಾತಾದದ್ದು 1908ರಲ್ಲಿ ಟೆರಿ ಸಲಿವನ್ ಎಂಬವರು ಬರೆದ ಒಂದು ಹಾಡಿನಿಂದ. ಅಷ್ಟು ಹೊತ್ತಿಗೆ ಮೇರಿ ತೀರಿಕೊಂಡು ಅರವತ್ತೊಂದು ವರ್ಷವಾಗಿತ್ತು. ಹಾಡಿನಲ್ಲಿ ಅವಳ ಹೆಸರಿಲ್ಲ. ಅವಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಎನ್ನುವುದಕ್ಕೆ ಆ ಕಾಲದ ಆಧಾರವೂ ಇಲ್ಲ. ಆಮೇಲೆ ಯಾರೋ ಎರಡನ್ನೂ ಜೋಡಿಸಿದರು, ಜೋಡಿ ಚೆನ್ನಾಗಿ ಹೊಂದಿತು, ಉಳಿದುಕೊಂಡಿತು.

ಇನ್ನು ಡೈನೋಸಾರ್. ಆ ಪದವನ್ನು ರಿಚರ್ಡ್ ಓವೆನ್ ಎಂಬ ವಿಜ್ಞಾನಿ ಹುಟ್ಟಿಸಿದ್ದೇ 1842ರಲ್ಲಿ, ಮೇರಿಗೆ ನಲವತ್ತು ದಾಟಿದ ಮೇಲೆ. ಹನ್ನೆರಡರ ವಯಸ್ಸಿನಲ್ಲಿ ಅವಳು ಬಂಡೆಯಿಂದ ಬಿಡಿಸಿದ್ದು ಇಕ್ತಿಯೊಸಾರ್ ಎಂಬ ಪ್ರಾಣಿಯನ್ನು. ಡೈನೋಸಾರ್‌ಗಳು ನೆಲದ ಮೇಲೆ ಓಡಾಡುತ್ತಿದ್ದ ಕಾಲದಲ್ಲೇ ಕಡಲಲ್ಲಿ ಈಜುತ್ತಿದ್ದ, ನೋಡಲು ಡಾಲ್ಫಿನ್‌ನಂತಿದ್ದ, ಆದರೆ ಹಲ್ಲಿ ಮೊಸಳೆಗಳ ಹಾಗೆ ಸರೀಸೃಪವಾಗಿದ್ದ ಜೀವಿ ಅದು. ಡೈನೋಸಾರ್‌ಗಳ ಮನೆತನಕ್ಕೆ ಸೇರಿದ್ದಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಸಿಕ್ಕಿತ್ತು’ ಎಂಬ ಪದ. ಮೇರಿಯ ಬಗ್ಗೆ ಎಲ್ಲಿ ಓದಿದರೂ ಇದೇ ಕ್ರಿಯಾಪದ. ಅವಳಿಗೆ ಇಕ್ತಿಯೊಸಾರ್ ಸಿಕ್ಕಿತು, ಪ್ಲೀಸಿಯೊಸಾರ್ ಸಿಕ್ಕಿತು, ಹಾರುವ ಹಲ್ಲಿ ಸಿಕ್ಕಿತು. ದಾರಿಯಲ್ಲಿ ಬಿದ್ದ ನಾಣ್ಯವೂ ಸಿಗುತ್ತದೆ, ಬಲೆ ಬೀಸಿದವನಿಗೆ ಮೀನೂ ಸಿಗುತ್ತದೆ. ಎರಡಕ್ಕೂ ನಮ್ಮಲ್ಲಿ ಒಂದೇ ಮಾತು. ಬಲೆ ಹೆಣೆಯುವುದು, ಹೊತ್ತು ನೋಡಿ ದೋಣಿ ಇಳಿಸುವುದು, ನೀರಿನ ಬಣ್ಣ ನೋಡಿ ಜಾಗ ಹಿಡಿಯುವುದು ಎಂದರೇನು ಎಂದು ಹೊನ್ನಾವರದವರಿಗೆ ನಾನು ಹೇಳಬೇಕಾಗಿಲ್ಲ. ಮೇರಿಗೆ ಸಿಕ್ಕಿದ್ದು ಆ ಎರಡನೇ ಬಗೆಯಲ್ಲಿ.

ಊರು ಲೈಮ್ ರೀಜಿಸ್. ಇಂಗ್ಲೆಂಡಿನ ದಕ್ಷಿಣ ತೀರದ ಡಾರ್ಸೆಟ್ ಸೀಮೆಯಲ್ಲಿದೆ. ಅಲ್ಲಿ ಕಡಲಿಗೆ ಎದೆಗೊಟ್ಟು ನಿಂತಿರುವುದು ಗೋಡೆಯಂಥ ಕಡಿದಾದ ದಿಬ್ಬಗಳು. ಗಟ್ಟಿ ಸುಣ್ಣಕಲ್ಲಿನ ಒಂದು ಪದರ, ಅದರ ಮೇಲೆ ಮೆತ್ತನೆ ಜೇಡಿಯ ಒಂದು ಪದರ, ಮತ್ತೆ ಸುಣ್ಣಕಲ್ಲು, ಮತ್ತೆ ಜೇಡಿ. ನೀಲಿ ಬೆರೆತ ಬೂದು ಬಣ್ಣ. ಸುಮಾರು ಇಪ್ಪತ್ತು ಕೋಟಿ ವರ್ಷಗಳ ಹಿಂದೆ ಬೆಚ್ಚನೆಯ ಕಡಲಿನ ತಳದಲ್ಲಿ ಕೂತ ಕೆಸರು ಅದು. ಸತ್ತ ಪ್ರಾಣಿ ತಳಕ್ಕಿಳಿದು, ಕೆಸರು ಮುಚ್ಚಿ, ಕೊಳೆಯಲು ಗಾಳಿ ಸಿಗದೆ, ಎಲುಬು ನಿಧಾನವಾಗಿ ಕಲ್ಲಾಗಿ ಉಳಿಯಿತು. ಚಳಿಗಾಲದಲ್ಲಿ ಮಳೆ ಬಿದ್ದು ಜೇಡಿ ನೆನೆದಾಗ ಮೇಲಿನ ಭಾರ ತಡೆಯದೆ ದಿಬ್ಬ ಕುಸಿಯುತ್ತದೆ. ಒಳಗಿದ್ದದ್ದು ಹೊರಗೆ ಬೀಳುವುದು ಆಗ. ಮರುದಿನದ ಅಲೆಗಳು ಅದನ್ನು ಪುಡಿ ಮಾಡಿ ಒಯ್ಯುವುದೂ ಆಗಲೇ. ಹಾಗಾಗಿ ಪಳೆಯುಳಿಕೆ ಹುಡುಕುವವರು ಹೊರಡಬೇಕಾದದ್ದು ಬೇಸಿಗೆಯ ಹಿತವಾದ ಬಿಸಿಲಿನಲ್ಲಲ್ಲ. ಬಿರುಗಾಳಿ ಹೋದ ಬೆನ್ನಿಗೆ, ನೀರು ಇಳಿದಿರುವ ಒಂದೆರಡು ತಾಸಿನಲ್ಲಿ, ಇನ್ನೂ ಕುಸಿಯುತ್ತಿರಬಹುದಾದ ದಿಬ್ಬದ ಅಡಿಯಲ್ಲಿ.

ಮೇರಿ ಹುಟ್ಟಿದ್ದು 1799ರ ಮೇ 21ರಂದು. ತಂದೆ ರಿಚರ್ಡ್ ಮರಗೆಲಸದವರು, ತಾಯಿಯ ಹೆಸರೂ ಮೇರಿಯೇ, ಕರೆಯುತ್ತಿದ್ದದ್ದು ಮಾಲಿ ಎಂದು. ಆ ದಂಪತಿಯ ಸುಮಾರು ಹತ್ತು ಮಕ್ಕಳಲ್ಲಿ ದೊಡ್ಡವರಾಗುವ ತನಕ ಬದುಕಿದವರು ಇಬ್ಬರೇ, ಜೋಸೆಫ್ ಮತ್ತು ಮೇರಿ. ಮೇರಿ ಎಂಬ ಹೆಸರು ಕೂಡ ಅವಳಿಗಿಂತ ಮೊದಲು ಹುಟ್ಟಿ, ಬಟ್ಟೆಗೆ ಬೆಂಕಿ ಹೊತ್ತಿ ತೀರಿಹೋದ ಅಕ್ಕನದು. ಇವಳೂ ಹಾಗೇ ಹೋಗಬೇಕಾಗಿತ್ತು. ಹದಿನೈದು ತಿಂಗಳ ಕೂಸಾಗಿದ್ದಾಗ, 1800ರ ಆಗಸ್ಟ್ 19ರಂದು, ಕುದುರೆ ಸವಾರಿಯ ಆಟ ನೋಡಲು ಎತ್ತಿಕೊಂಡು ಹೋಗಿದ್ದ ನೆರೆಮನೆಯಾಕೆ ಮಳೆಗೆ ಹೆದರಿ ಮರದಡಿ ನಿಂತಳು. ಸಿಡಿಲು ಬಡಿಯಿತು. ಮೂವರು ಹೆಂಗಸರು ಅಲ್ಲೇ ಸತ್ತರು. ಕೂಸನ್ನು ಮನೆಗೆ ತಂದು ಬಿಸಿನೀರಿನಲ್ಲಿ ಅದ್ದಿದಾಗ ಜೀವ ಬಂತು. ಮಂಕಾಗಿದ್ದ ಮಗು ಸಿಡಿಲು ಬಡಿದ ಮೇಲೆ ಚುರುಕಾಯಿತು ಎಂದು ಊರವರು ಕೊನೆತನಕ ಹೇಳುತ್ತಿದ್ದರು. ನನಗೆ ಆ ಮಾತು ಇಷ್ಟವಿಲ್ಲ. ಒಬ್ಬ ಹುಡುಗಿಯ ಬುದ್ಧಿಗೆ ಆಕಾಶದಿಂದ ಕಾರಣ ತರಬೇಕಾಗಿ ಬಂದದ್ದು ಏಕೆ?

ಕಾರಣ ಮನೆಯಲ್ಲೇ ಇತ್ತು. ನೆಪೋಲಿಯನ್ ಜೊತೆಗಿನ ಯುದ್ಧದಿಂದಾಗಿ ಸಿರಿವಂತ ಇಂಗ್ಲಿಷರಿಗೆ ಯುರೋಪಿನ ಪ್ರವಾಸ ಕಷ್ಟವಾಗಿ ಅವರು ತಮ್ಮದೇ ಕಡಲ ತೀರಗಳಿಗೆ ಬರತೊಡಗಿದ್ದರು. ಕಾದಂಬರಿಕಾರ್ತಿ ಜೇನ್ ಆಸ್ಟೆನ್ ಕೂಡ ಲೈಮ್‌ಗೆ ಬಂದಿದ್ದಳು. 1804ರಲ್ಲಿ ಪೆಟ್ಟಿಗೆಯ ಮುರಿದ ಮುಚ್ಚಳಕ್ಕೆ ಆ್ಯನಿಂಗ್ ಎಂಬ ಮರಗೆಲಸದವನು ಐದು ಶಿಲ್ಲಿಂಗ್ ಹೇಳಿದನೆಂದು, ಅದು ಹೆಚ್ಚಾಯಿತೆಂದು ಅಕ್ಕನಿಗೆ ಬರೆದ ಪತ್ರ ಉಳಿದಿದೆ. ಆ ಪ್ರವಾಸಿಗರಿಗೆ ಮಾರಲು ರಿಚರ್ಡ್ ಬಿಡುವಿನಲ್ಲಿ ದಂಡೆಯಿಂದ ವಿಚಿತ್ರ ಕಲ್ಲುಗಳನ್ನು ಆರಿಸಿ ತರುತ್ತಿದ್ದ, ಮಕ್ಕಳಿಬ್ಬರನ್ನೂ ಜೊತೆಗೆ ಕರೆದೊಯ್ಯುತ್ತಿದ್ದ. ಸುರುಳಿ ಸುತ್ತಿದ ಅಮೊನೈಟ್‌ಗಳಿಗೆ ಜನ ಹಾವುಕಲ್ಲು ಎನ್ನುತ್ತಿದ್ದರು. ಬಾಗಿದ ದಪ್ಪ ಚಿಪ್ಪೊಂದಕ್ಕೆ ದೆವ್ವದ ಕಾಲುಗುರು ಎಂದು ಹೆಸರು.

ಈ ಹಾವುಕಲ್ಲು ನಿಮಗೂ ಹೊಸದಲ್ಲ. ನಮ್ಮ ಅಜ್ಜಿಯ ದೇವರ ಪೆಟ್ಟಿಗೆಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಕಪ್ಪು ಸಾಲಿಗ್ರಾಮವೊಂದಿತ್ತು. ಅಭಿಷೇಕದ ನೀರು ಮೇಲಿಂದ ಇಳಿಯುವಾಗ ಕಲ್ಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಾಯಿಯಂತಿದ್ದ ಸಣ್ಣ ತೂತಿನೊಳಗೆ ನೀರು ತುಂಬಿದಾಗ ಸುತ್ತು ಸುತ್ತಾಗಿ ಕೊರೆದ ಗೆರೆಗಳು ಕಾಣಿಸುತ್ತಿದ್ದವು. ಅದು ಚಕ್ರ, ಬೆರಳು ಹಾಕಬೇಡ, ಎನ್ನುತ್ತಿದ್ದರು ಅಜ್ಜಿ. ನೇಪಾಳದ ಗಂಡಕಿ ನದಿಯಲ್ಲಿ ಉರುಳಿ ಬರುವ ಆ ಕಲ್ಲುಗಳ ಚಕ್ರ ಹಳೆಯ ಕಡಲಿನ ಅಮೊನೈಟ್‌ಗಳದು. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಸಮುದ್ರದಲ್ಲಿ ಬದುಕಿದ್ದವು. ಲೈಮ್‌ನಲ್ಲಿ ಮೇರಿ ಕುದುರೆಗಾಡಿ ನಿಲ್ಲುವ ಕಡೆ ಮೇಜು ಹಾಕಿ ಮಾರುತ್ತಿದ್ದದ್ದೂ, ನಮ್ಮ ಮಠ ಮನೆಗಳಲ್ಲಿ ತುಳಸಿ ಏರಿಸಿಕೊಳ್ಳುವುದೂ ಒಂದೇ ಕುಲದ ಪ್ರಾಣಿ. ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಒಂದಿದ್ದರೆ ಮಗಳಿಗೆ ತೋರಿಸಿ. ಪಳೆಯುಳಿಕೆ ನೋಡಲು ಅವಳು ದೂರ ಹೋಗಬೇಕಾಗಿಲ್ಲ.

ರಿಚರ್ಡ್ 1810ರಲ್ಲಿ ತೀರಿಕೊಂಡ. ಕ್ಷಯ ಹತ್ತಿತ್ತು, ದಿಬ್ಬದಿಂದ ಬಿದ್ದು ಪೆಟ್ಟೂ ಆಗಿತ್ತು. ಬಿಟ್ಟುಹೋದದ್ದು ಸಾಲ. ಮೇರಿಗೆ ಆಗ ಹನ್ನೊಂದು. ಅಲ್ಲಿಂದ ಮುಂದೆ ಕಲ್ಲು ಆರಿಸುವುದು ಬಿಡುವಿನ ಕೆಲಸವಾಗಿ ಉಳಿಯಲಿಲ್ಲ, ಒಲೆ ಉರಿಯುವುದೇ ಅದರಿಂದ ಎಂದಾಯಿತು. ಮಾರಾಟದ ಲೆಕ್ಕ ತಾಯಿಯದು. ಬಾಕಿ ಹಣ ಕೊಡಿ ಎಂದು ಬ್ರಿಟಿಷ್ ಮ್ಯೂಸಿಯಂಗೆ 1821ರಲ್ಲಿ ಪತ್ರ ಬರೆದ ಗಟ್ಟಿಗಿತ್ತಿ ಮಾಲಿ.

1811ರಲ್ಲಿ ದಿಬ್ಬದಡಿ ನಾಲ್ಕು ಅಡಿ ಉದ್ದದ ತಲೆಬುರುಡೆ ಕಂಡವನು ಅಣ್ಣ ಜೋಸೆಫ್. ಇದನ್ನು ಹೇಳದೆ ಮೇರಿಯನ್ನು ಹೊಗಳುವುದು ಸರಿಯಲ್ಲ. ಬಟ್ಟಲಿನಷ್ಟು ದೊಡ್ಡ ಕಣ್ಣುಗುಳಿ, ಸಾಲು ಹಲ್ಲಿನ ಉದ್ದ ಮೂತಿ. ಊರವರು ಮೊಸಳೆ ಎಂದರು. ಜೋಸೆಫ್ ಆಗ ಕುರ್ಚಿ ಸೋಫಾಗಳಿಗೆ ಮೆತ್ತೆ ಹೊದಿಸುವ ಕೆಲಸ ಕಲಿಯಲು ಸೇರಿದ್ದ, ಅವನಿಗೆ ಹೊತ್ತಿರಲಿಲ್ಲ. ತಲೆ ಸಿಕ್ಕ ಮೇಲೆ ಮೈ ಎಲ್ಲಿ ಎಂದು ಹಿಂಬಾಲಿಸಿದವಳು ಮೇರಿ. ಸುಮಾರು ಒಂದು ವರ್ಷ ಕಳೆದ ಮೇಲೆ, 1812ರಲ್ಲಿ, ಉಳಿದ ಅಸ್ಥಿಪಂಜರ ದಿಬ್ಬದಲ್ಲಿ ಎಲ್ಲಿದೆ ಎಂದು ಪತ್ತೆ ಹಚ್ಚಿದಳು. ಕೂಲಿಯವರನ್ನು ಇಟ್ಟುಕೊಂಡು ಅಗೆಸಿದಳು. ಒಟ್ಟು ಹದಿನೇಳು ಅಡಿ ಉದ್ದ. ಒಂದು ವರ್ಷ ಎನ್ನುವುದನ್ನು ಗಮನಿಸಿ. ಅಷ್ಟು ಕಾಲ ಬಂಡೆಯ ಒಂದೇ ತುಂಡನ್ನು ಕಣ್ಣಲ್ಲಿಟ್ಟುಕೊಂಡು, ಪ್ರತಿ ಕುಸಿತದ ನಂತರವೂ ಹೋಗಿ ನೋಡಿ ಬರುವುದಕ್ಕೆ ಅದೃಷ್ಟ ಎಂದು ಹೆಸರಿಡಲು ನನ್ನಿಂದಾಗದು.

ಆ ಊರಿನ ಜಮೀನ್ದಾರ ಹೆನ್ರಿ ಹೋಸ್ಟ್ ಹೆನ್ಲಿ ಅದನ್ನು ಕೊಂಡದ್ದು 23 ಪೌಂಡಿಗೆ. ಲಂಡನ್ನಿನಲ್ಲಿ ವಿಲಿಯಂ ಬುಲ್ಲಾಕ್ ಎಂಬವನ ವಸ್ತುಸಂಗ್ರಹದಲ್ಲಿ ಜನ ಸಾಲುಗಟ್ಟಿ ನೋಡಿದರು. 1819ರಲ್ಲಿ ಬ್ರಿಟಿಷ್ ಮ್ಯೂಸಿಯಂ ಅದನ್ನು 45 ಪೌಂಡ್ ಚಿಲ್ಲರೆಗೆ ಹರಾಜಿನಲ್ಲಿ ಪಡೆಯಿತು. ವೈದ್ಯ ಎವರಾರ್ಡ್ ಹೋಮ್ 1814ರಿಂದ ಅದರ ಮೇಲೆ ಪ್ರಬಂಧದ ಮೇಲೆ ಪ್ರಬಂಧ ಬರೆದ. ಒಮ್ಮೆ ಮೀನಿನ ಹತ್ತಿರದ್ದೆಂದ, ಮತ್ತೊಮ್ಮೆ ಹಲ್ಲಿಯ ಬಳಗವೆಂದ. ಬಿಡಿಸಿ ತಂದ ಹುಡುಗಿಯ ಹೆಸರು ಆ ಯಾವ ಬರಹದಲ್ಲೂ ಬರಲಿಲ್ಲ. ತಲೆಬುರುಡೆ ಈಗ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಉಳಿದ ಮೈ ಕಳೆದುಹೋಗಿದೆ.

ಅವಳ ವಿದ್ಯೆ ಎಷ್ಟು? ಚರ್ಚಿನ ಭಾನುವಾರದ ಶಾಲೆಯಲ್ಲಿ ಓದು ಬರಹ ಕಲಿತದ್ದಷ್ಟೇ. ಆ್ಯನಿಂಗ್ ಕುಟುಂಬ ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರದ ಬೇರೆ ಪಂಥದವರು. ಅವರ ಪಾದ್ರಿಯೊಬ್ಬರು ಪಂಥದ ಪತ್ರಿಕೆಯಲ್ಲಿ ಎರಡು ಲೇಖನ ಬರೆದಿದ್ದರು. ಒಂದು, ದೇವರು ಆರು ದಿನಗಳಲ್ಲಿ ಜಗತ್ತನ್ನು ಸೃಷ್ಟಿಸಿದ ಎಂದು. ಇನ್ನೊಂದು, ಭೂವಿಜ್ಞಾನ ಎಂಬ ಹೊಸ ವಿದ್ಯೆಯನ್ನು ನಮ್ಮವರು ಕಲಿಯಬೇಕು ಎಂದು. ಆ ಪತ್ರಿಕೆಯ ಸಂಪುಟವನ್ನು ಮೇರಿ ಜತನದಿಂದ ಇಟ್ಟುಕೊಂಡಿದ್ದಳು. ಒಬ್ಬನೇ ಮನುಷ್ಯ ಬರೆದ ಆ ಎರಡು ಲೇಖನಗಳ ನಡುವೆ ಅವಳ ಕಾಲ ಪೂರ್ತಿ ಸಿಕ್ಕಿಕೊಂಡಿತ್ತು. ಸೃಷ್ಟಿಯಾದ ಯಾವ ಪ್ರಾಣಿಯೂ ಪೂರ್ತಿ ಅಳಿದುಹೋಗದು ಎಂದು ನಂಬಿದ್ದವರ ಮುಂದೆ, ಎಲ್ಲಿಯೂ ಬದುಕಿಲ್ಲದ ಪ್ರಾಣಿಗಳನ್ನು ಅವಳು ಒಂದೊಂದಾಗಿ ತಂದು ಇಡುತ್ತಿದ್ದಳು.

ಪುಸ್ತಕ ಕೊಳ್ಳಲು ಹಣವಿಲ್ಲದ್ದಕ್ಕೆ ವಿಜ್ಞಾನದ ಪ್ರಬಂಧಗಳನ್ನು ಎರವಲು ತಂದು ಕೈಯಲ್ಲೇ ನಕಲು ಮಾಡಿಕೊಂಡಳು. ಬರಹವಷ್ಟೇ ಅಲ್ಲ, ಚಿತ್ರಗಳನ್ನೂ. ಮೂಲ ಯಾವುದು ನಕಲು ಯಾವುದು ಎಂದು ಹೇಳಲಾಗದಷ್ಟು ನಿಖರವಾಗಿ. ಎಲುಬಿನ ಕೀಲು ಕೂರುವುದು ಹೇಗೆ ಎಂದು ತಿಳಿಯಲು ಮೀನು ಕೊಯ್ದು ನೋಡಿದಳು. ನಿಮ್ಮ ಕಡೆಯ ಬೊಂಡಾಸಿನ ಬಳಗದ ಜೀವಿಗಳನ್ನೂ ಕೊಯ್ದು ನೋಡಿದಳು. ಬೊಂಡಾಸ್ ಕೊಯ್ಯುವಾಗ ಒಳಗಿನ ಮಸಿಚೀಲ ಒಡೆದು ಬಾಣಲೆಯೆಲ್ಲ ಕಪ್ಪಾಗುವುದು ಕರಾವಳಿಯ ಅಡುಗೆಮನೆಗಳಿಗೆ ಗೊತ್ತು. ಬೆಲೆಮ್ನೈಟ್ ಎಂಬ ಕಲ್ಲಾದ ಪ್ರಾಣಿಯೊಳಗೆ ಅಂಥದ್ದೇ ಮಸಿಚೀಲವಿದೆ ಎಂದು ಗುರುತಿಸಿದವಳು ಮೇರಿ. ಅವಳ ಗೆಳತಿ, ಪಳೆಯುಳಿಕೆ ಸಂಗ್ರಹಿಸುತ್ತಿದ್ದ ಎಲಿಜಬೆತ್ ಫಿಲ್ಪಾಟ್, ಆ ಒಣಗಿದ ಮಸಿಯನ್ನು ನೀರಿನಲ್ಲಿ ತೇಯ್ದು ಶಾಯಿ ಮಾಡಿದಳು. ಕೋಟ್ಯಂತರ ವರ್ಷಗಳ ಹಿಂದೆ ಸತ್ತ ಜೀವಿಯ ಮಸಿಯಿಂದಲೇ ಅದರ ಜೊತೆ ಬಾಳಿದ ಪ್ರಾಣಿಗಳ ಚಿತ್ರ ಬರೆದರು. ಎಷ್ಟು ಸಲ ಓದಿದರೂ ಈ ಸಂಗತಿ ನನ್ನನ್ನು ಬಿಡುವುದಿಲ್ಲ. ಅಡುಗೆಮನೆಯ ತಿಳಿವಳಿಕೆ ಇದ್ದ ಇಬ್ಬರು ಹೆಂಗಸರು ಕಂಡದ್ದು ಅದು.

1823ರ ಡಿಸೆಂಬರಿನ ಚಳಿಯಲ್ಲಿ ಅವಳು ಪೂರ್ತಿ ಪ್ಲೀಸಿಯೊಸಾರ್ ಒಂದನ್ನು ಬಿಡಿಸಿದಳು. ಒಂಬತ್ತು ಅಡಿ ಉದ್ದ, ಅಗಲವಾದ ಮೈ, ನಾಲ್ಕು ಹುಟ್ಟುಗಳಂಥ ಕಾಲು. ಹಾವಿನಷ್ಟು ಉದ್ದದ ಕತ್ತಿನ ತುದಿಯಲ್ಲಿ ಅಂಗೈಯಗಲದ ತಲೆ. ಆ ತಿಂಗಳ 26ರಂದು ಅವಳು ಬರೆದ ಪತ್ರವೊಂದು ಉಳಿದಿದೆ. ಅದರಲ್ಲಿ ಆ ಅಸ್ಥಿಪಂಜರದ ಚಿತ್ರ ಅವಳ ಕೈಯದೇ. ಕತ್ತಿನ ಮಣಿಗಳನ್ನು ಒಂದೊಂದಾಗಿ ಬರೆದಿದ್ದಾಳೆ, ಪಕ್ಕೆಲುಬು ಚದುರಿ ಬಿದ್ದಿದ್ದ ರೀತಿಯನ್ನು ಇದ್ದ ಹಾಗೇ ತೋರಿಸಿದ್ದಾಳೆ. ಅಂದ ಮಾಡುವ ಆಸೆ ಎಲ್ಲೂ ಇಲ್ಲ. ಮಾರುವವಳ ಚಿತ್ರ ಅದು, ನಿಜ. ಅಷ್ಟೇ ನಿಜವಾಗಿ ನೋಡುವವಳ ಚಿತ್ರವೂ ಹೌದು.

ಪ್ಯಾರಿಸ್ಸಿನಲ್ಲಿ ಜಾರ್ಜ್ ಕುವ್ಯೇ ಇದ್ದ, ಪ್ರಾಣಿಗಳ ಅಂಗರಚನೆಯಲ್ಲಿ ಯುರೋಪಿಗೇ ದೊಡ್ಡ ಹೆಸರು. ಚಿತ್ರ ನೋಡಿ ಅವನಿಗೆ ಸಂಶಯ ಬಂತು. ಕತ್ತಿನಲ್ಲಿ ಮೂವತ್ತೈದರಷ್ಟು ಮಣಿಗಳು! ಮನುಷ್ಯನಿಗೂ ಜಿರಾಫೆಗೂ ಇರುವುದು ಏಳು. ಎರಡು ಪ್ರಾಣಿಗಳ ಎಲುಬು ಜೋಡಿಸಿ ಒಂದು ಮಾಡಿದ್ದಾರೆ ಎಂಬ ಗುಮಾನಿ ಹಬ್ಬಿತು. ಇದರ ಅರ್ಥ ಅವಳಿಗೆ ಏನಾಗಿತ್ತು ಎಂದು ಯೋಚಿಸಿ. ವಿದ್ವಾಂಸನ ಪ್ರಬಂಧ ತಪ್ಪಿದರೆ ಮುಂದಿನ ವರ್ಷ ತಿದ್ದಿಕೊಳ್ಳಬಹುದು. ದಂಡೆಯ ಅಂಗಡಿಯವಳ ಮೇಲೆ ಮೋಸದ ಮಾತು ಅಂಟಿದರೆ ಮರುದಿನದಿಂದ ಯಾರೂ ಒಂದು ಚಿಪ್ಪನ್ನೂ ಕೊಳ್ಳುವುದಿಲ್ಲ. 1824ರ ಫೆಬ್ರವರಿ 20ರಂದು ಲಂಡನ್ನಿನ ಜಿಯಲಾಜಿಕಲ್ ಸೊಸೈಟಿಯಲ್ಲಿ ಭೂವಿಜ್ಞಾನಿ ವಿಲಿಯಂ ಕಾನಿಬೇರ್ ಆ ಅಸ್ಥಿಪಂಜರವನ್ನು ವಿವರಿಸಿದ. ಎಲುಬು ಅಸಲಿ, ಪ್ರಾಣಿ ಒಂದೇ ಎಂದು ಸಾಬೀತಾಯಿತು. ಕುವ್ಯೇ ತನ್ನ ತಪ್ಪನ್ನು ಒಪ್ಪಿಕೊಂಡ. ಮೇರಿ ಗೆದ್ದಳು. ಆದರೆ ಕಾನಿಬೇರ್ ತನ್ನ ಮಾತಿನಲ್ಲಿ ಅವಳ ಹೆಸರು ಎತ್ತಲಿಲ್ಲ. ಸಭೆಗೆ ಅವಳು ಬರುವಂತೆಯೂ ಇರಲಿಲ್ಲ. ಆ ಸೊಸೈಟಿ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 1919ರಲ್ಲಿ.

1824ರಲ್ಲೇ ಲೈಮ್‌ಗೆ ಬಂದಿದ್ದ ಲೇಡಿ ಸಿಲ್ವೆಸ್ಟರ್ ಎಂಬ ಸಿರಿವಂತ ಹೆಂಗಸು ತನ್ನ ದಿನಚರಿಯಲ್ಲಿ ಮೇರಿಯ ಕೆಲಸದ ಬಗ್ಗೆ ಬರೆದಿಟ್ಟಳು. ಎಲುಬು ಕಂಡ ತಕ್ಷಣ ಅದು ಯಾವ ಕುಲದ್ದೆಂದು ಹೇಳಬಲ್ಲಳು, ಗಾರೆಯಿಂದ ಎಲುಬುಗಳನ್ನು ಚೌಕಟ್ಟಿನಲ್ಲಿ ಕೂರಿಸಿ ಚಿತ್ರ ಬರೆಯುತ್ತಾಳೆ, ಪ್ರೊಫೆಸರುಗಳು ಬಂದು ಅವಳ ಜೊತೆ ಮಾತಾಡಿ ಹೋಗುತ್ತಾರೆ ಎಂದು. ನಾನು ಇದರಲ್ಲಿ ಹಿಡಿದುಕೊಳ್ಳುವುದು ಗಾರೆಯ ಮಾತನ್ನು. ಜೇಡಿಯಲ್ಲಿ ಕೂತ ಎಲುಬು ಒದ್ದೆಯಾಗಿದ್ದಾಗ ಗಟ್ಟಿ, ಒಣಗಿದರೆ ಬಿರುಕು ಬಿಟ್ಟು ಪುಡಿ. ಅದನ್ನು ಉಬ್ಬರ ಬರುವುದರೊಳಗೆ ಹಾಸುಗಲ್ಲಿನ ಸಮೇತ ಎಬ್ಬಿಸಿ, ಮನೆಗೆ ಸಾಗಿಸಿ, ಸುತ್ತಲ ಕಲ್ಲನ್ನು ಕೂದಲೆಳೆಯಷ್ಟು ಕೆತ್ತಿ ತೆಗೆದು, ಗಾರೆಯಲ್ಲಿ ಭದ್ರ ಮಾಡಬೇಕು. ಉಳಿ ಒಂದು ನೂಲು ಹೆಚ್ಚು ಇಳಿದರೆ ಎಲುಬೇ ಹೋಯಿತು. ಪ್ರಬಂಧ ಬರೆದವರೆಲ್ಲ ಬರೆದದ್ದು ಈ ಕೆಲಸ ಮುಗಿದ ಮೇಲೆ. ಅವಳ ಉಳಿಯ ತೀರ್ಮಾನದ ಮೇಲೆಯೇ ಅವರ ತೀರ್ಮಾನಗಳು ನಿಂತಿದ್ದವು. ಎಲ್ಲಿ ಕಲ್ಲು ಮುಗಿಯಿತು, ಎಲ್ಲಿ ಎಲುಬು ಶುರುವಾಯಿತು ಎಂದು ಮೊದಲು ಹೇಳಿದವಳು ಅವಳೇ.

ಇನ್ನೊಂದು ಸಂಗತಿ ನಿಮ್ಮ ಮಗಳಿಗೆ ಖಂಡಿತ ಹಿಡಿಸುತ್ತದೆ. ಆ ದಂಡೆಯಲ್ಲಿ ಆಲೂಗಡ್ಡೆಯಂಥ ಬೂದು ಉಂಡೆಗಳು ಬಿದ್ದಿರುತ್ತಿದ್ದವು. ಬೆಝೋರ್ ಕಲ್ಲು ಎನ್ನುತ್ತಿದ್ದರು. ಅವು ಇಕ್ತಿಯೊಸಾರ್‌ಗಳ ಹೊಟ್ಟೆಯ ಜಾಗದಲ್ಲೇ ಹೆಚ್ಚಾಗಿ ಇರುತ್ತವೆ ಎಂದು ಮೇರಿ ಗಮನಿಸಿದಳು. ಒಡೆದು ನೋಡಿದರೆ ಒಳಗೆ ಮೀನಿನ ಮುಳ್ಳು, ಹುರುಪೆ, ಸಣ್ಣ ಇಕ್ತಿಯೊಸಾರ್‌ಗಳ ಎಲುಬು ಕೂಡ. ಕಲ್ಲಾದ ಲದ್ದಿ ಅದು. ಆಕ್ಸ್‌ಫರ್ಡಿನ ವಿಲಿಯಂ ಬಕ್‌ಲ್ಯಾಂಡ್ ಆ ಜಾಡು ಹಿಡಿದು 1829ರಲ್ಲಿ ಪ್ರಬಂಧ ಮಂಡಿಸಿ ಅದಕ್ಕೆ ಕಾಪ್ರೊಲೈಟ್ ಎಂದು ಹೆಸರಿಟ್ಟ. ಯಾರು ಯಾರನ್ನು ತಿಂದರು ಎಂದು ಕೋಟಿ ವರ್ಷಗಳ ಆಚೆಯಿಂದ ಹೇಳುವ ವಿದ್ಯೆ ಹೀಗೆ ಶುರುವಾಯಿತು. ಬಕ್‌ಲ್ಯಾಂಡ್ ದೊಡ್ಡ ಮನಸ್ಸಿನವನು, ಮೇರಿಯ ಪಾಲನ್ನು ಅಲ್ಲಿ ಹೇಳಿದ್ದಾನೆ. 1828ರ ಡಿಸೆಂಬರಿನಲ್ಲಿ ಅವಳು ತೆಗೆದ ಹಾರುವ ಸರೀಸೃಪವನ್ನು, ಇಂದು ಡೈಮಾರ್ಫೊಡಾನ್ ಎನ್ನುವ ಟೆರೊಸಾರ್ ಅನ್ನು, ಲೋಕಕ್ಕೆ ಪರಿಚಯಿಸುವಾಗಲೂ ಅವಳ ಹೆಸರು ಹೇಳಿದ. ಜರ್ಮನಿಯ ಹೊರಗೆ ಕಂಡ ಮೊದಲ ಟೆರೊಸಾರ್ ಅಸ್ಥಿಪಂಜರ ಅದು.

ಎಲ್ಲರೂ ಕೆಟ್ಟವರಾಗಿರಲಿಲ್ಲ ಎನ್ನುವುದಕ್ಕೆ ಇಷ್ಟು ಹೇಳಿದೆ. ತಾಮಸ್ ಬರ್ಚ್ ಎಂಬ ನಿವೃತ್ತ ಸೇನಾಧಿಕಾರಿ ಒಮ್ಮೆ ಆ್ಯನಿಂಗ್ ಮನೆಗೆ ಹೋದಾಗ ಬಾಡಿಗೆ ಕಟ್ಟಲು ಅವರು ಮನೆಯ ಸಾಮಾನು ಮಾರುವುದರಲ್ಲಿದ್ದರು. ಅವರಿಂದಲೇ ಕೊಂಡಿದ್ದವುಗಳೂ ಸೇರಿದಂತೆ ತನ್ನ ಸಂಗ್ರಹವನ್ನೆಲ್ಲ 1820ರಲ್ಲಿ ಹರಾಜು ಹಾಕಿ ಬಂದ ಸುಮಾರು 400 ಪೌಂಡನ್ನು ಅವರಿಗೆ ಕೊಟ್ಟ. ಮೇರಿಯ ಜೊತೆ ಅದೇ ದಂಡೆಯಲ್ಲಿ ಬೆಳೆದ ಭೂವಿಜ್ಞಾನಿ ಹೆನ್ರಿ ಡೆ ಲಾ ಬೆಷ್ 1830ರಲ್ಲಿ ಅವಳ ಪ್ರಾಣಿಗಳೆಲ್ಲ ಬದುಕಿ ಈಜಾಡುವ ಚಿತ್ರ ಬರೆದು, ಅದರ ಅಚ್ಚು ಪ್ರತಿ ಮಾರಿದ ಹಣವನ್ನು ಅವಳಿಗೆ ಸೇರಿಸಿದ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಲೂಯಿ ಅಗಸಿ ಎರಡು ಕಲ್ಲಾದ ಮೀನುಗಳಿಗೆ ಅವಳ ಹೆಸರಿಟ್ಟ. 1835ರ ಹೊತ್ತಿಗೆ ಅವಳು ಕೂಡಿಟ್ಟ ಹಣ ಮುಳುಗಿದಾಗ ಬಕ್‌ಲ್ಯಾಂಡ್ ಓಡಾಡಿ ವರ್ಷಕ್ಕೆ 25 ಪೌಂಡ್ ಪಿಂಚಣಿ ಕೊಡಿಸಿದ. ಇವೆಲ್ಲ ಸ್ನೇಹ, ಕರುಣೆ. ಅವಳಿಗೆ ಸಲ್ಲಬೇಕಾಗಿದ್ದದ್ದು ಬೇರೆ, ಅದು ಅವಳಿಗೆ ಗೊತ್ತಿತ್ತು. ಈ ವಿದ್ವಾಂಸರು ತನ್ನ ತಲೆಯಲ್ಲಿದ್ದದ್ದನ್ನು ಹೀರಿಕೊಂಡು ಪುಸ್ತಕ ಮಾಡಿ ದೊಡ್ಡವರಾದರು, ತನಗೆ ಏನೂ ದಕ್ಕಲಿಲ್ಲ ಎಂದು ಅವಳು ನೊಂದುಕೊಂಡದ್ದನ್ನು ಆನಾ ಮರಿಯಾ ಪಿನ್ನಿ ಎಂಬ ಕಿರಿಯ ಗೆಳತಿ ಬರೆದಿಟ್ಟಿದ್ದಾಳೆ. ಬದುಕಿದ್ದಾಗ ವಿಜ್ಞಾನದ ಪತ್ರಿಕೆಯಲ್ಲಿ ಮೇರಿಯ ಹೆಸರಿನಲ್ಲಿ ಅಚ್ಚಾದದ್ದು ಒಂದೇ ಒಂದು, 1839ರಲ್ಲಿ. ಹಳೆಯ ಶಾರ್ಕ್ ಒಂದರ ಹಲ್ಲಿನ ಬಗ್ಗೆ ಹೊಸ ಸಂಶೋಧನೆ ಎಂದು ಯಾರೋ ಬರೆದಿದ್ದರು. ಅದು ಹೊಸತಲ್ಲ, ನಾನು ವರ್ಷಗಳ ಹಿಂದೆಯೇ ಕಂಡಿದ್ದೇನೆ ಎಂದು ತಿದ್ದಿ ಬರೆದ ಪತ್ರದ ತುಣುಕು.

ಲಂಡನ್ನಿನ ಮ್ಯೂಸಿಯಂನಲ್ಲಿ ಅವಳ ಒಂದು ತೈಲಚಿತ್ರವಿದೆ. ಕೈಯಲ್ಲಿ ಸುತ್ತಿಗೆ, ತೋಳಿನಲ್ಲಿ ಬುಟ್ಟಿ, ಹಿಂದೆ ಗೋಲ್ಡನ್ ಕ್ಯಾಪ್ ಎಂಬ ಗುಡ್ಡ, ಕಾಲ ಬಳಿ ಮಲಗಿದ ಕಪ್ಪು ಬಿಳಿ ನಾಯಿ. ನಾಯಿಯ ಹೆಸರು ಟ್ರೇ. 1833ರ ಅಕ್ಟೋಬರಿನಲ್ಲಿ ದಿಬ್ಬ ಕುಸಿದು ಅದು ಅವಳ ಕಣ್ಣೆದುರೇ ಸತ್ತಿತು. ಒಂದು ಕ್ಷಣ ಆಚೀಚೆಯಾಗಿದ್ದರೆ ನಾನೂ ಅದರ ಜೊತೆಗೆ ಹೋಗುತ್ತಿದ್ದೆ ಎಂದು ಗೆಳತಿ ಶಾರ್ಲೆಟ್ ಮರ್ಚಿಸನ್‌ಗೆ ಬರೆದಳು. ಆಮೇಲೂ ಅದೇ ದಿಬ್ಬದಡಿಗೆ ಹೋದಳು. ಬೇರೆ ದಾರಿ ಇರಲಿಲ್ಲ.

1847ರ ಮಾರ್ಚ್ 9ರಂದು ಸ್ತನದ ಕ್ಯಾನ್ಸರಿನಿಂದ ತೀರಿಕೊಂಡಾಗ ಅವಳಿಗೆ ನಲವತ್ತೇಳು. ನೋವು ತಡೆಯಲು ಅಫೀಮಿನ ಔಷಧ ಕುಡಿಯುತ್ತಿದ್ದದ್ದನ್ನು ಕಂಡ ಊರವರು ಹೆಂಡಕ್ಕೆ ಬಿದ್ದಳು ಎಂದಾಡಿಕೊಂಡರು. ಆಗ ಜಿಯಲಾಜಿಕಲ್ ಸೊಸೈಟಿಯ ಅಧ್ಯಕ್ಷನಾಗಿದ್ದವನು ಡೆ ಲಾ ಬೆಷ್. ಸದಸ್ಯಳೇ ಅಲ್ಲದ ಅವಳಿಗಾಗಿ ಸೊಸೈಟಿಯ ವಾರ್ಷಿಕ ಭಾಷಣದಲ್ಲಿ ಶ್ರದ್ಧಾಂಜಲಿ ಓದಿದ.

ಈಗ ಮಗಳ ಪ್ರಶ್ನೆ. ಹೊನ್ನಾವರದ ದಂಡೆಯಲ್ಲಿ ಇಕ್ತಿಯೊಸಾರ್ ಸಿಗುವುದಿಲ್ಲ. ಬೇಸರವಾಗುತ್ತದೆ, ಆದರೂ ನೇರವಾಗಿಯೇ ಹೇಳಿ. ಕಡಲು ಇದ್ದರೆ ಸಾಲದು, ಸರಿಯಾದ ವಯಸ್ಸಿನ ಕಡಲ ಕೆಸರು ಕಲ್ಲಾಗಿ ಉಳಿದಿರಬೇಕು. ನಿಮ್ಮ ಕಾಲಡಿಯ ಬಂಡೆ ಬಹುಪಾಲು ನೂರಾರು ಕೋಟಿ ವರ್ಷ ಹಳೆಯದು, ಎಲುಬಿರುವ ಪ್ರಾಣಿಯೇ ಹುಟ್ಟದಿದ್ದ ಕಾಲದ್ದು. ಮೇಲಿರುವ ಕೆಂಪು ಮುರಕಲ್ಲು ಆ ಬಂಡೆ ಮಳೆ ಬಿಸಿಲಿಗೆ ಕೊಳೆತು ಆದದ್ದು. ಆದರೆ ದೇಶದೊಳಗೆ ಜಾಗಗಳಿವೆ. ಗುಜರಾತಿನ ಕಚ್ಛ್‌ನಲ್ಲಿ ಲೋಡಾಯ್ ಎಂಬ ಹಳ್ಳಿಯ ಬಳಿ ಸುಮಾರು ಐದೂವರೆ ಮೀಟರ್ ಉದ್ದದ, ಹೆಚ್ಚುಕಡಿಮೆ ಪೂರ್ತಿ ಇಕ್ತಿಯೊಸಾರ್ ಬಂಡೆಯಿಂದ ಎದ್ದು ಬಂತು, 2017ರಲ್ಲಿ ಅದರ ವರದಿ ಪ್ರಕಟವಾಯಿತು. ತಮಿಳುನಾಡಿನ ಅರಿಯಲೂರಿನ ಸುಣ್ಣಕಲ್ಲಿನ ಗಣಿಗಳ ಸುತ್ತ ಅಮೊನೈಟ್‌ಗಳಿವೆ. ನಮ್ಮಲ್ಲೇ ಬಾಗಲಕೋಟೆಯ ಕಡೆಯ ಕಲಾದಗಿ ಬಂಡೆಗಳಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್‌ಗಳಿವೆ. ಕೊಯ್ದ ಕೋಸಿನ ಹಾಗೆ ಕಾಣುತ್ತವೆ. ಡೈನೋಸಾರ್‌ಗಳಿಗಿಂತ ಎಷ್ಟೋ ಹಳೆಯವು.

ಅಂಥ ಜಾಗಕ್ಕೆ ಹೋಗುವ ತನಕ ಮೀನು ಪೇಟೆಯಿಂದ ಬಂದ ಬಂಗಡೆಯ ಮುಳ್ಳನ್ನು ಅವಳು ಎಸೆಯದೆ ತೊಳೆದು ಒಣಗಿಸಲಿ, ಬೆನ್ನಿನ ಮಣಿಗಳನ್ನು ಎಣಿಸಿ ಕಾಗದದ ಮೇಲೆ ಸಾಲಾಗಿ ಬರೆಯಲಿ. ಎಲುಬಿನ ಪಾಠವನ್ನು ಮೇರಿ ಕಲಿತದ್ದೂ ಮೀನಿನಿಂದಲೇ.

ಇನ್ನೂ ಒಂದು ಸುದ್ದಿ ಅವಳಿಗೆ ಹೇಳಿ. ಇಂಗ್ಲೆಂಡಿನ ಡಾಂಕಾಸ್ಟರ್ ಎಂಬ ಊರಿನ ಮ್ಯೂಸಿಯಂನಲ್ಲಿ ಡಾರ್ಸೆಟ್ ತೀರದಿಂದ ಬಂದ ಒಂದು ಇಕ್ತಿಯೊಸಾರ್ ಇತ್ತು. ಪ್ಲಾಸ್ಟರಿನಲ್ಲಿ ಮಾಡಿದ ನಕಲು ಎಂದುಕೊಂಡು ವರ್ಷಗಟ್ಟಲೆ ಯಾರೂ ಅದನ್ನು ಗಮನಿಸಿರಲಿಲ್ಲ. 2008ರಲ್ಲಿ ಡೀನ್ ಲೊಮ್ಯಾಕ್ಸ್ ಎಂಬ ಹುಡುಗ, ಆಗಿನ್ನೂ ಹದಿನೆಂಟು ಹತ್ತೊಂಬತ್ತರವನು, ಹತ್ತಿರ ಬಾಗಿ ನೋಡಿದ. ಅಸಲಿ ಎಲುಬು. ಪಕ್ಕೆಲುಬುಗಳ ನಡುವೆ ಕೊನೆಯ ಊಟವೂ ಉಳಿದಿತ್ತು, ಬೊಂಡಾಸಿನಂಥ ಜೀವಿಗಳ ತೋಳಿನ ಪುಟ್ಟ ಕೊಕ್ಕೆಗಳು. ವರ್ಷಗಳ ಕಾಲ ಬೇರೆ ಇಕ್ತಿಯೊಸಾರ್‌ಗಳ ಜೊತೆ ಹೋಲಿಸಿ ನೋಡಿ, ಇದು ಇದುವರೆಗೆ ಗುರುತಿಸದ ಜಾತಿ ಎಂದು ಅವನೂ ಜೂಡಿ ಮಸಾರೆ ಎಂಬ ವಿಜ್ಞಾನಿಯೂ 2015ರಲ್ಲಿ ಪ್ರಕಟಿಸಿದರು. ಅವರು ಅದಕ್ಕೆ ಇಟ್ಟ ಹೆಸರು ಇಕ್ತಿಯೊಸಾರಸ್ ಆ್ಯನಿಂಗೇ.